ವಶಪಡಿಸಿಕೊಂಡ ಹಾಳೆಗಳು ಮತ್ತು ತೊರಿಯಾಮಾ ಅವರ ಚಿತ್ರಸಂಪುಟ

ಮೂವತ್ತೊಂದು ವರ್ಷ ಪ್ರೌಢಶಾಲೆಗಳಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು ನಾನು. ಕೊನೆಯ ಹನ್ನೆರಡು ವರ್ಷ ತಿಪಟೂರಿನಲ್ಲಿದ್ದೆ. ಗಣಿತದ ನೋಟ್‌ಬುಕ್ಕಿನ ಹಿಂಬದಿ ಹಾಳೆಯಲ್ಲಿ ಯಾರಾದರೂ ಗೀಚುತ್ತಾ ಸಿಕ್ಕಿಬಿದ್ದರೆ ಗಣಿತದ ಮೇಷ್ಟ್ರು ಆ ಹಾಳೆಯನ್ನು ಕಿತ್ತು ನನ್ನ ಮೇಜಿನ ಮೇಲೆ ತಂದು ಹಾಕುತ್ತಿದ್ದರು, ಅದಕ್ಕೆ ನಾನೇ ಹೊಣೆಯೇನೋ ಎಂಬಂತೆ. ನಾನು ಹುಡುಗರನ್ನು ಬೈಯುತ್ತಿದ್ದೆ, ಹಾಳೆಯನ್ನು ಮಾತ್ರ ಹರಿಯುತ್ತಿರಲಿಲ್ಲ. ಹಳೆಯ ರಟ್ಟಿನ ಫೈಲೊಂದರಲ್ಲಿ ಅವೆಲ್ಲ ಉಳಿದಿವೆ. ಮೊನ್ನೆ ಎಣಿಸಿದೆ: ನಲವತ್ತಮೂರು ಹಾಳೆ. ಅದರಲ್ಲಿ ಇಪ್ಪತ್ತೆಂಟರಲ್ಲಿ ಒಬ್ಬನೇ ಇದ್ದಾನೆ. ಕೂದಲು ಕತ್ತಾಳೆ ಗಿಡದಂತೆ ಎದ್ದು ನಿಂತಿದೆ, ಹುಬ್ಬು ಗಂಟಿಕ್ಕಿದೆ, ಮುಷ್ಟಿ ಬಿಗಿದಿದೆ, ಎದೆಯ ಮೇಲೊಂದು ದುಂಡನೆಯ ಮುದ್ರೆ. ಆಗ ನಾನು ಅವನಿಗೆ ಇಟ್ಟಿದ್ದ ಹೆಸರು ‘ಕತ್ತಾಳೆ ತಲೆಯವನು’. ಒಬ್ಬ ಹುಡುಗ ತಿದ್ದಿದ್ದ: “ಸಾರ್, ಅವನು ಗೊಕು.”

2000ದ ದಶಕದ ಆರಂಭದಲ್ಲಿ ಕೇಬಲ್ ಟಿವಿಯ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಡ್ರ್ಯಾಗನ್ ಬಾಲ್ ಜೀ ಬರುತ್ತಿದ್ದ ಕಾಲ ಅದು. ಆ ಗೊಕುವನ್ನು ಹುಟ್ಟಿಸಿದ ಅಕಿರಾ ತೊರಿಯಾಮಾ ಎಂಬ ಜಪಾನಿನ ಮಾಂಗಾ (ಚಿತ್ರಕಥೆ) ಕಲಾವಿದರ ಹೆಸರನ್ನು ನಾನು ಗಮನಿಸಿದ್ದು ಅವರು ತೀರಿಕೊಂಡ ಮೇಲೆ. 2024ರ ಮಾರ್ಚ್ 1ರಂದು, 68ನೆಯ ವಯಸ್ಸಿನಲ್ಲಿ, ಮಿದುಳಿನ ಹೊದಿಕೆಯ ಕೆಳಗೆ ರಕ್ತಸ್ರಾವವಾಗಿ ಅವರು ಹೋದರು. ಸುದ್ದಿ ಹೊರಬಿದ್ದದ್ದು ಒಂದು ವಾರದ ನಂತರ. ಅಂದು ಸಂಜೆ ಮಗಳು ಫೋನ್ ಮಾಡಿ, ಅಜ್ಜನನ್ನು ಕಳೆದುಕೊಂಡವಳ ದನಿಯಲ್ಲಿ ಮಾತನಾಡಿದಳು. ಮುಂದಿನ ತಿಂಗಳು ನನ್ನ ಹುಟ್ಟುಹಬ್ಬಕ್ಕೆ ಈ ಪುಸ್ತಕ ಬಂತು.

ಪುಸ್ತಕದ ಹೆಸರು ‘ಡ್ರ್ಯಾಗನ್ ಬಾಲ್: ಎ ವಿಶುವಲ್ ಹಿಸ್ಟರಿ’. ಜಪಾನಿನಲ್ಲಿ ಶುಎಯ್ಶಾ 2013ರಲ್ಲಿ ತಂದ ಚಿತ್ರಸಂಪುಟವನ್ನು ವಿಜ್ ಮೀಡಿಯಾ 2019ರಲ್ಲಿ ಇಂಗ್ಲಿಷಿಗೆ ತಂದಿದೆ. ಗಟ್ಟಿ ರಟ್ಟು, ದೊಡ್ಡ ಅಳತೆ. ಮಡಿಲಲ್ಲಿಟ್ಟು ಓದಿದರೆ ಕಾಲು ಜೋಮು ಹಿಡಿಯುತ್ತದೆ. ನಮ್ಮ ಮನೆಗೆ ಬಂದ ಪ್ರತಿಯ ಕೆಳಗಿನ ಮೂಲೆ ಜಜ್ಜಿ ಹೋಗಿತ್ತು. ಇಷ್ಟು ಭಾರದ ಪುಸ್ತಕವನ್ನು ಮಾರಾಟಗಾರರು ಒಂದು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಳಿಸಿದ್ದರು. ಬದಲಿಸಿಕೊಡುತ್ತೇವೆ ಎಂದರು. ಅದು ವಾಪಸು ಹೋಗಿ ಇನ್ನೊಂದು ಜಜ್ಜಿದ ಮೂಲೆ ಬರುವ ತನಕ ಕಾಯುವ ತಾಳ್ಮೆ ನನಗಿರಲಿಲ್ಲ.

ಮೊದಲ ಸಲ ಪುಟ ತಿರುವಿದಾಗಲೇ ಒಂದು ವಿಷಯಕ್ಕೆ ನಾಚಿಕೆಯಾಯಿತು. ನನ್ನ ಹುಡುಗರು ನಕಲು ಮಾಡುತ್ತಿದ್ದದ್ದು ಟಿವಿಯ ಚಿತ್ರವನ್ನು. ಅದು ತೋಯೆ ಆ್ಯನಿಮೇಷನ್ ಸಂಸ್ಥೆಯ ಚಿತ್ರಕಾರರ ಕೈ. ಗೆರೆ ಎಲ್ಲ ಕಡೆ ಒಂದೇ ದಪ್ಪ, ಬಣ್ಣ ಚಪ್ಪಟೆ. ಅದನ್ನೇ ನೋಡಿ ನಾನು ‘ಇದರಲ್ಲಿ ರೇಖೆಯೇ ಇಲ್ಲ’ ಎಂದು ತರಗತಿಯಲ್ಲಿ ಭಾಷಣ ಬಿಗಿದಿದ್ದೆ. ಈ ಸಂಪುಟದಲ್ಲಿರುವುದು ತೊರಿಯಾಮಾ ಅವರ ಸ್ವಂತ ನಿಬ್ಬಿನ ಗೆರೆ. ತೋಳಿನ ಉಬ್ಬಿನಲ್ಲಿ ದಪ್ಪಗಾಗುತ್ತದೆ, ಮಣಿಕಟ್ಟಿನ ಕಡೆ ಸಾಗುವಾಗ ಎಳೆಯಾಗುತ್ತದೆ, ಬಟ್ಟೆಯ ಮಡಿಕೆ ಮುಗಿಯುವಲ್ಲಿ ಚುರುಕಾಗಿ ಎದ್ದು ನಿಲ್ಲುತ್ತದೆ. ಎಲ್ಲೂ ಎರಡನೆಯ ಸಲ ತಿದ್ದಿದ ಗುರುತು ಕಾಣುವುದಿಲ್ಲ. ನಾನು ಹಾಸನದಲ್ಲಿದ್ದಾಗ ನಾಮಫಲಕ ಬರೆಯುವ ಒಬ್ಬರು ‘ಕುಂಚ ಇಟ್ಟ ಮೇಲೆ ಉಸಿರು ಬಿಡಬಾರದು’ ಎನ್ನುತ್ತಿದ್ದರು. ಅಂಥ ಕೈ ಇದು.

ಸಂಪುಟದ ಬಹುಪಾಲು ಬಣ್ಣದ ಚಿತ್ರಗಳು: ‘ವೀಕ್ಲಿ ಶೊನೆನ್ ಜಂಪ್’ ವಾರಪತ್ರಿಕೆಯಲ್ಲಿ ಕಥೆಯ ಕಂತುಗಳಿಗೆ ಬರೆದ ಶೀರ್ಷಿಕೆ ಪುಟಗಳು, ಬಿಡಿ ಸಂಪುಟಗಳ ಮುಖಪುಟಗಳು, ನಂತರದ ಮರುಮುದ್ರಣಗಳಿಗೆ ಬರೆದವು. ಡ್ರ್ಯಾಗನ್ ಬಾಲ್ 1984ರಿಂದ 1995ರವರೆಗೆ ವಾರವಾರವೂ ಬಂದು 519 ಕಂತು, 42 ಸಂಪುಟವಾಯಿತು. (ಜಪಾನೀ ಆವೃತ್ತಿಯ ಆ 42 ಸಂಪುಟಗಳನ್ನು ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದರೆ ಬೆನ್ನುಗಳ ಮೇಲೆ ಒಂದೇ ಉದ್ದನೆಯ ಚಿತ್ರ ಓಡುತ್ತದೆ. ಮಗಳು ಮೊಬೈಲಿನಲ್ಲಿ ತೋರಿಸಿದಾಗ ನನಗೆ ನಮ್ಮ ದೇವಸ್ಥಾನಗಳ ಗೋಡೆಯ ಆನೆಸಾಲು, ಕುದುರೆಸಾಲು ನೆನಪಾಯಿತು.) ಮೊದಲ ಭಾಗದ ಗೊಕು ಬಾಲವಿರುವ ಪುಟ್ಟ ಹುಡುಗ. ಚೀನಾದ ‘ಪಶ್ಚಿಮಯಾತ್ರೆ’ ಕಥೆಯ ವಾನರ ಸುನ್ ವುಕಾಂಗ್‌ನ ಹೆಸರನ್ನು ಜಪಾನೀಯರು ಓದುವ ರೀತಿಯೇ ಸೊನ್ ಗೊಕು. ಬೆನ್ನಿಗೆ ಕೋಲು, ಕಾಲಡಿಗೆ ಹಾರುವ ಮೋಡ. ತಲೆ ದೊಡ್ಡದು, ಮೈ ಮೂರು ತಲೆಯಷ್ಟೇ ಎತ್ತರ, ಕೈಕಾಲು ಹಿಟ್ಟಿನ ಉಂಡೆಯಂತೆ. 1988ರ ಹೊತ್ತಿಗೆ ಅವನು ದೊಡ್ಡವನಾಗುತ್ತಾನೆ. ಅಲ್ಲಿಂದ ದುಂಡು ಗೆರೆಗಳು ಒಂದೊಂದಾಗಿ ಮೂಲೆ ತಳೆಯುತ್ತವೆ. 1991ರ ಹೊತ್ತಿಗೆ ದವಡೆ, ಭುಜ, ಕಣ್ಣು ಎಲ್ಲವೂ ಉಳಿಯಿಂದ ಕೆತ್ತಿದಂತೆ. ಯಾವ ಪುಟದಲ್ಲಿ ತಿರುವು ಬಂತೆಂದು ಬೆರಳಿಟ್ಟು ಹೇಳಲಾಗುವುದಿಲ್ಲ. ಮಕ್ಕಳು ಬೆಳೆದದ್ದು ಮನೆಯವರಿಗೆ ಕಾಣದಂತೆ ಆಗಿಹೋಗಿರುತ್ತದೆ.

ನನ್ನ ಫೈಲನ್ನು ಪುಸ್ತಕದ ಪಕ್ಕದಲ್ಲಿ ಬಿಚ್ಚಿಟ್ಟುಕೊಂಡು ಮೂರು ಮಧ್ಯಾಹ್ನ ಕುಳಿತೆ. ನನ್ನ ವಿಮರ್ಶೆ ಹುಟ್ಟಿದ್ದು ಅಲ್ಲಿ. ಇಪ್ಪತ್ತೆಂಟು ಹಾಳೆಗಳಲ್ಲಿ ಇಪ್ಪತ್ತರಷ್ಟು ಬಹಳ ಕೆಟ್ಟ ಚಿತ್ರಗಳು. ಕತ್ತು ಇಲ್ಲ, ಬೆರಳು ಆರು, ಒಂದು ಕಣ್ಣು ಹಣೆಗೆ ಹತ್ತಿದೆ. ಆದರೂ ಇಪ್ಪತ್ತೆಂಟರಲ್ಲೂ ಅವನೇ ಎಂದು ಗೊತ್ತಾಗುತ್ತದೆ. ಪಾತ್ರದ ರೂಪವನ್ನು ಕಟ್ಟುವವನಿಗೆ ಇದಕ್ಕಿಂತ ದೊಡ್ಡ ಪರೀಕ್ಷೆಯಿಲ್ಲ. ಗಣೇಶನಿಗೆ ಈ ಭಾಗ್ಯವಿದೆ: ಒಂದನೆಯ ತರಗತಿಯ ಮಗು ಬರೆದರೂ ಗಣೇಶ ಗಣೇಶನೇ. ಬುದ್ಧಿವಂತ ಕಲಾವಿದರು ಹೊಸದಾಗಿ ಹುಟ್ಟಿಸಿದ ಪಾತ್ರಗಳಲ್ಲಿ ಕೆಟ್ಟ ಕೈಯಲ್ಲೂ ಬದುಕಿ ಉಳಿಯುವಂಥವು ಬೆರಳೆಣಿಕೆಯಷ್ಟು. ತೊಗಲುಗೊಂಬೆಯವರ ಪರದೆಯ ಹಿಂದೆ ಗೊಕುವನ್ನು ನಿಲ್ಲಿಸಿದರೂ ನೆರಳು ನೋಡಿಯೇ ಹೇಳಬಹುದು. ಆ ಕೂದಲು ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಹೆಚ್ಚುಕಡಿಮೆ ಅದೇ ಆಕಾರ. ನಿಜವಾದ ತಲೆಯಲ್ಲಿ ಇದು ಸಾಧ್ಯವಿಲ್ಲ. ಯಕ್ಷಗಾನದ ಕಿರೀಟದಂತೆ, ತಲೆ ತಿರುಗಿದರೂ ವೇಷ ತಿರುಗುವುದಿಲ್ಲ.

ಹುಡುಗರು ತಪ್ಪಿದ್ದೆಲ್ಲಿ ಎಂಬುದೂ ಈಗ ಕಂಡಿತು. ಅವರೆಲ್ಲ ಮುಳ್ಳುಗಳನ್ನು ಹೆಚ್ಚು ಮಾಡಿದ್ದಾರೆ. ಮೂಲದಲ್ಲಿ ಮುಳ್ಳುಗಳು ಕೆಲವೇ. ಪ್ರತಿಯೊಂದಕ್ಕೂ ಬೇರೆ ಅಗಲ, ಬೇರೆ ಬಾಗು. ಅವುಗಳ ನಡುವಿನ ಖಾಲಿ ಜಾಗವೂ ಅಳೆದಿಟ್ಟಂತಿದೆ.

ಈ ಮಿತವ್ಯಯಕ್ಕೆ ಒಂದು ಕಾರಣ ಸೋಮಾರಿತನ ಎಂದು ತೊರಿಯಾಮಾ ಅವರೇ ಹಲವು ಸಲ ಒಪ್ಪಿಕೊಂಡಿದ್ದಾರೆ. ನನಗೆ ಈ ಮನುಷ್ಯ ಇಷ್ಟವಾದದ್ದು ಅದಕ್ಕೇ. ಗೊಕುವಿನ ಕೂದಲು ಮೊದಲಿಗೆ ಕಪ್ಪು. ಪ್ರತಿ ವಾರ, ಪ್ರತಿ ಚೌಕದಲ್ಲಿ, ಆ ಮುಳ್ಳುಗಳೊಳಗೆ ಶಾಯಿ ತುಂಬುವ ಕೆಲಸ ಸಹಾಯಕರದು. ಅವರಿಗೆ ಇದ್ದ ಸಹಾಯಕ ಒಬ್ಬರೇ. 1991ರಲ್ಲಿ ಗೊಕು ‘ಸೂಪರ್ ಸೈಯಾನ್’ ಎಂಬ ಹೆಚ್ಚು ಬಲದ ರೂಪ ತಳೆದಾಗ ಕೂದಲು ಹೊಂಬಣ್ಣಕ್ಕೆ ತಿರುಗಿತು. ಕಪ್ಪುಬಿಳುಪು ಪುಟದಲ್ಲಿ ಹೊಂಬಣ್ಣ ಎಂದರೆ ಏನೂ ತುಂಬದೆ ಬಿಟ್ಟ ಬಿಳಿ ಕಾಗದ! ಜಗತ್ತಿನ ಮಕ್ಕಳೆಲ್ಲ ಮೈ ಜುಮ್ಮೆಂದು ನೋಡಿದ ಆ ರೂಪಾಂತರದ ಹಿಂದೆ ಶಾಯಿ ಉಳಿಸುವ ಲೆಕ್ಕವೂ ಇತ್ತು. ಹೊಡೆದಾಟವನ್ನು ಊರಾಚೆಯ ಬಂಜರಿಗೆ ಒಯ್ಯುವುದು, ಊರಿನಲ್ಲೇ ಆದರೆ ಬೇಗ ಊರನ್ನೇ ಉಡಾಯಿಸುವುದು ಕೂಡ ಕಟ್ಟಡ ಬರೆಯುವ ಕಷ್ಟ ತಪ್ಪಿಸಿಕೊಳ್ಳಲು. ಲೋಯರ್ ಗ್ರೇಡ್ ಪರೀಕ್ಷೆಗೆ ಕುಳಿತ ನನ್ನ ಹುಡುಗರು ನಿಸರ್ಗಚಿತ್ರದಲ್ಲಿ ಮನೆ ಬರೆಯಲು ಬೇಸರವಾಗಿ ದೊಡ್ಡ ಬೆಟ್ಟ ಎಬ್ಬಿಸುತ್ತಿದ್ದರು. ಅವರಿಗೆ ನಾನು ಐದೈದು ಅಂಕ ಕಡಿಮೆ ಕೊಟ್ಟಿದ್ದೇನೆ.

ಖಳರ ಪುಟಗಳಲ್ಲಿ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಫ್ರೀಜಾ ಮೊದಲು ಬರುವಾಗ ಕೊಂಬು, ಕವಚ, ಗೆರೆಗೆರೆ ಚರ್ಮ. ರೂಪ ಬದಲಿಸುತ್ತಾ ಬದಲಿಸುತ್ತಾ ದೈತ್ಯನಾಗುತ್ತಾನೆ, ವಿಕಾರನಾಗುತ್ತಾನೆ. ಕೊನೆಯ ರೂಪ ಇನ್ನೂ ಭಯಂಕರವಾಗಿರಬೇಕು ಎಂದು ಕಾಯುತ್ತಿರುವಾಗ ಹೊರಬರುವುದು ಸಣ್ಣ ಮೈಯ, ನುಣ್ಣನೆಯ, ಬಿಳಿ ಮತ್ತು ನೇರಳೆಯ ಒಂದು ಜೀವಿ. ಆಭರಣ ಒಂದೂ ಇಲ್ಲ. ತಣ್ಣಗೆ ನಿಂತಿದ್ದಾನೆ. ನನ್ನ ಫೈಲಿನಲ್ಲಿ ಫ್ರೀಜಾ ಐದು ಸಲ ಇದ್ದಾನೆ, ಐದೂ ಆ ಕೊನೆಯ ರೂಪ. ಸೆಲ್ ಎಂಬ ಮುಂದಿನ ಖಳ ಒಂದು ಸಲವೂ ಇಲ್ಲ. ಯಾಕೆಂದು ಪುಸ್ತಕ ನೋಡಿದರೆ ಅರ್ಥವಾಗುತ್ತದೆ: ಅವನ ಮೈತುಂಬ ಚುಕ್ಕೆ. ಹುಡುಗರಿಗೆ ಗಣಿತದ ಒಂದು ಪೀರಿಯಡ್ಡಿನಲ್ಲಿ ಅಷ್ಟು ಚುಕ್ಕೆ ಹಾಕಲು ಸಮಯ ಸಾಲದು. ಸ್ವತಃ ತೊರಿಯಾಮಾ ಅವರಿಗೂ ಆ ಚುಕ್ಕೆಗಳು ಸಾಕುಸಾಕಾಗಿದ್ದವಂತೆ. ಅದರ ಮುಂದಿನ ಖಳ ಬೂ ಒಂದು ಗುಲಾಬಿ ಹಿಟ್ಟಿನ ಮುದ್ದೆ, ಚುಕ್ಕೆಯ ಸುಳಿವಿಲ್ಲ. ಪಾಠ ಕಲಿತಿದ್ದರು.

ಸೆಲ್ ಹುಟ್ಟಿದ ಕಥೆಯೂ ತಮಾಷೆಯದು. ತೊರಿಯಾಮಾ ಅವರನ್ನು ಪತ್ತೆಹಚ್ಚಿ, ಅವರ ನೂರಾರು ಪುಟಗಳನ್ನು ತಿರಸ್ಕರಿಸಿ ತಿರಸ್ಕರಿಸಿಯೇ ಬೆಳೆಸಿದ ಸಂಪಾದಕ ಕಜುಹಿಕೊ ತೊರಿಶಿಮಾ. (1980ರಲ್ಲಿ ಶುರುವಾದ ‘ಡಾ. ಸ್ಲಂಪ್’ ಎಂಬ ತಮ್ಮ ಮಾಂಗಾದಲ್ಲಿ ಈ ಸಂಪಾದಕರ ಹೆಸರನ್ನೇ ತಿರುಗಿಸಿ ‘ಮಶಿರಿತೊ’ ಎಂಬ ಕೇಡಿಗನನ್ನು ಮಾಡಿ ತೊರಿಯಾಮಾ ಸೇಡು ತೀರಿಸಿಕೊಂಡಿದ್ದರು.) ಡ್ರ್ಯಾಗನ್ ಬಾಲ್‌ನ ಹೊಣೆ ಬಿಟ್ಟ ಮೇಲೂ ತೊರಿಶಿಮಾ ಓದುವುದನ್ನು ಬಿಟ್ಟಿರಲಿಲ್ಲ. ಹೊಸ ಖಳರಾಗಿ ಬಂದ 19 ಮತ್ತು 20ನೆಯ ಯಂತ್ರಮಾನವರನ್ನು ನೋಡಿ, ಒಬ್ಬ ಮುದುಕ ಒಬ್ಬ ಡುಮ್ಮ, ಇವರೇನು ಖಳರು ಎಂದು ಆಕ್ಷೇಪಿಸಿದರು. ಆಗ 17 ಮತ್ತು 18 ಬಂದರು. ಇವರು ಬರೀ ಹುಡುಗರು ಎಂದರು. ಆಗ ಸೆಲ್ ಬಂದ. ಹೀಗೆ ಬಂದವರಲ್ಲಿ 18ನೆಯವಳು ಇಡೀ ಸರಣಿಯ ಅತ್ಯುತ್ತಮ ರೂಪಗಳಲ್ಲೊಬ್ಬಳು ಎಂಬುದು ನನ್ನ ಲೆಕ್ಕ. ಡೆನಿಮ್ ಅಂಗಿ, ಪಟ್ಟೆ ತೋಳು, ಕಿವಿಯ ಹಿಂದೆ ಸರಿಸಿದ ಕೂದಲು. ಅಷ್ಟೇ. ಬೇಸರದಿಂದ ಅರೆಮುಚ್ಚಿದ ಆ ಕಣ್ಣುಗಳಲ್ಲೇ ಅವಳ ಸ್ವಭಾವ ಪೂರ್ತಿ ಇದೆ.

ಆದರೆ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಈ ಹೊಡೆದಾಟದ ಪುಟಗಳಲ್ಲಿ ಅಲ್ಲ, ವಾಹನಗಳ ಪುಟಗಳಲ್ಲಿ. ಇದು ನನಗೆ ಗೊತ್ತೇ ಇರಲಿಲ್ಲ. ಕಥೆಗೆ ಯಾವ ಸಂಬಂಧವೂ ಇಲ್ಲದೆ, ಬಣ್ಣದ ಶೀರ್ಷಿಕೆ ಪುಟ ಸಿಕ್ಕಿತೆಂದರೆ ಸಾಕು, ಅವರು ಗೊಕುವನ್ನೂ ಅವನ ಮಗ ಗೊಹಾನ್‌ನನ್ನೂ ಯಾವುದಾದರೂ ವಿಚಿತ್ರ ಬಂಡಿಯ ಮೇಲೆ ಕೂರಿಸಿಬಿಡುತ್ತಾರೆ. ಗಿಡ್ಡ ಮೈ, ಉಬ್ಬಿದ ಟೈರು, ಮೊಳೆ ಹೊಡೆದ ತಗಡು. ಎಲ್ಲವೂ ಆಟಿಕೆಯಂತಿವೆ, ಎಲ್ಲವೂ ಓಡುವಂತಿವೆ. ನಾನು ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸುತ್ತಿದ್ದೆ: ದಿನಾ ಕೂತು ಬರುವ ನಿಮ್ಮಪ್ಪನ ಟಿವಿಎಸ್ ಗಾಡಿಯನ್ನು ನೋಡದೆ ಬರೆಯಿರಿ. ನಲವತ್ತು ಮಕ್ಕಳಲ್ಲಿ ಒಬ್ಬರೂ ಸ್ಟ್ಯಾಂಡು ಬರೆಯುತ್ತಿರಲಿಲ್ಲ. ಗಾಡಿ ಗಾಳಿಯಲ್ಲಿ ನಿಂತಿರುತ್ತಿತ್ತು. ತೊರಿಯಾಮಾ ಅವರ ಗಾಡಿಗೆ ಕಾಲಿಡುವ ಜಾಗವಿದೆ, ಹೊಗೆ ಹೋಗುವ ಕೊಳವೆಯಿದೆ, ಬಾಗಿಲು ಯಾವ ಕಡೆ ತೆರೆಯುತ್ತದೆಂದು ತಿರುಗಣಿ ನೋಡಿ ಹೇಳಬಹುದು. ಪ್ಲಾಸ್ಟಿಕ್ ಮಾದರಿಗಳನ್ನು ಜೋಡಿಸುವುದು ಅವರಿಗೆ ಕೆಲಸಕ್ಕಿಂತ ಪ್ರಿಯವಾದ ಹವ್ಯಾಸ. ಅದರಿಂದಲೇ ಇರಬೇಕು, ವಸ್ತುವಿನ ಕಾಣದ ಬದಿಯೂ ಅವರಿಗೆ ತಿಳಿದಿದೆ. ಯುದ್ಧದ ಟ್ಯಾಂಕಿನ ಮೇಲಿನ ಮೋಹ ಮಿತಿಮೀರಿ 2000ದಲ್ಲಿ ‘ಸ್ಯಾಂಡ್ ಲ್ಯಾಂಡ್’ ಎಂಬ ಪುಟ್ಟ ಮಾಂಗಾವನ್ನೇ ಬರೆದರು: ಒಬ್ಬ ಮುದುಕ, ಒಂದು ಟ್ಯಾಂಕು, ಜೊತೆಗೊಬ್ಬ ಪಿಶಾಚಿ ರಾಜಕುಮಾರ.

ಈ ಪುಟಗಳ ಬಣ್ಣವನ್ನು ಮುದ್ರಣದಲ್ಲಿ ಚೆನ್ನಾಗಿ ಉಳಿಸಿಕೊಂಡಿದ್ದಾರೆ. ಹಳೆಯವು ಬಣ್ಣದ ಶಾಯಿಯಲ್ಲಿ ಮಾಡಿದವು. ಶಾಯಿ ಪಾರದರ್ಶಕ, ತಪ್ಪಿದರೆ ಮುಚ್ಚಿಹಾಕಲಾಗದು. ಬೆಳಕು ಬೇಕಾದ ಕಡೆ ಕಾಗದವನ್ನು ಖಾಲಿ ಬಿಡಬೇಕು. ಒಂದು ಬೂಟಿನ ಮೇಲೆ ಅವರು ಬಿಟ್ಟ ಬಿಳಿ ಪಟ್ಟಿ ನೋಡಿ: ಹೊಳಪು ಎಂದು ಒಂದು ಗೆರೆಯನ್ನೂ ಬರೆದಿಲ್ಲ, ಆದರೆ ಚರ್ಮ ಹೊಳೆಯುತ್ತದೆ. ಗೊಕುವಿನ ಕಿತ್ತಳೆ ಬಟ್ಟೆಯ ನೆರಳಿಗೆ ಕಪ್ಪು ಬೆರೆಸದೆ ಕೆಂಪಿನ ಕಡೆಗೆ ಜಾರಿಸಿರುವುದನ್ನು ನೋಡಿದಾಗ, ನೆರಳೆಂದರೆ ಕಪ್ಪು ಬಾಟಲಿಯ ಮುಚ್ಚಳ ತೆಗೆಯುತ್ತಿದ್ದ ನನ್ನ ಎಷ್ಟೋ ವಿದ್ಯಾರ್ಥಿಗಳಿಗೆ ಈ ಪುಟವನ್ನು ಅಂಚೆಯಲ್ಲಿ ಕಳಿಸಬೇಕೆನಿಸಿತು.

ಈಗ ದೂರುಗಳು. ಎರಡು ಪುಟ ಹರಡಿದ ಚಿತ್ರಗಳಲ್ಲಿ ನಡುವಿನ ಹೊಲಿಗೆ ಒಂದಷ್ಟನ್ನು ನುಂಗುತ್ತದೆ. ರಟ್ಟಿನ ದಪ್ಪ ಪುಸ್ತಕವಾದ್ದರಿಂದ ಪೂರ್ತಿ ಬಿಡಿಸಿದರೆ ಬೆನ್ನು ಮುರಿದೀತೆಂಬ ಭಯ. ಪೆನ್ಸಿಲ್ ಕರಡುಗಳು ಇವೆ, ಆದರೆ ನನ್ನಂಥವನ ಹಸಿವಿಗೆ ಸಾಲವು. ಶಾಯಿಯ ಕೆಳಗೆ ಕೈ ಎಲ್ಲಿ ಹುಡುಕಾಡಿತು ಎಂಬುದನ್ನು ನೋಡುವ ಆಸೆ ತೀರಲಿಲ್ಲ. ಸಂದರ್ಶನದ ಭಾಗವನ್ನು ಒಂದು ಕಾಫಿಯ ಹೊತ್ತಿನಲ್ಲಿ ಓದಿದೆ. ಮತ್ತು ಇದು ಒಂದೇ ಕೃತಿಯ ಸಂಪುಟ. ‘ಡಾ. ಸ್ಲಂಪ್’ನ ಅರಾಲೆ, ದೃಷ್ಟಿದೋಷವಿದ್ದು ಕನ್ನಡಕ ಹಾಕಿಕೊಂಡ ಆ ಯಂತ್ರಹುಡುಗಿ, ತನ್ನದೇ ಜಗತ್ತಿನಲ್ಲಿ ಹೇಗಿದ್ದಳೆಂದು ನೋಡಲು ಬೇರೆಡೆ ಹೋಗಬೇಕು. ತೊರಿಯಾಮಾ ಅವರ ಕೈ ಜಾಹೀರಾತು ಸಂಸ್ಥೆಯ ನೌಕರಿಯಿಂದ ಹೊರಬಂದು ಹೇಗೆ ಬಿಡಿಸಿಕೊಂಡಿತು ಎಂಬ ಅರ್ಧ ಕಥೆ ಅಲ್ಲೇ ಇದೆ.

ಇನ್ನೊಂದು ಅರ್ಧ ಕಥೆಗೆ ಮಗಳು ತನ್ನ ಪ್ರತಿಯನ್ನು ತಂದುಕೊಟ್ಟಳು: ‘ಡ್ರ್ಯಾಗನ್ ಕ್ವೆಸ್ಟ್’ ವಿಡಿಯೋ ಗೇಮಿನ ಚಿತ್ರಗಳ ಸಂಪುಟ, ಮೂವತ್ತನೆಯ ವರ್ಷದ ನೆನಪಿಗೆ ತಂದದ್ದು. 1986ರಿಂದ ಆ ಆಟದ ವೀರರನ್ನೂ ರಾಕ್ಷಸರನ್ನೂ ರೂಪಿಸಿದವರು ತೊರಿಯಾಮಾ. ಆಟ ಕಟ್ಟಿದ ಯುಜಿ ಹೊರಿಯಿ ಅವರು ಲೋಳೆಯ ಒಂದು ಗುಡ್ಡೆಯನ್ನು ಗೀಚಿ ಕೊಟ್ಟಿದ್ದರಂತೆ. ತೊರಿಯಾಮಾ ಅದನ್ನು ತುದಿ ಚೂಪಾದ ನೀಲಿ ಹನಿಯನ್ನಾಗಿ ಮಾಡಿ, ಎರಡು ದುಂಡು ಕಣ್ಣು, ಒಂದು ಅಗಲ ನಗೆ ಇಟ್ಟರು. ಅದೇ ಸ್ಲೈಮ್. ನೋಡಿದರೆ ನಗುವ ನೀಲಿ ಮೋದಕ. ಕೊಲ್ಲಬೇಕಾದ ಮೊದಲ ಶತ್ರುವಿಗೆ ಇಷ್ಟು ಮುದ್ದು ಮುಖ ಕೊಡಲು ಧೈರ್ಯ ಬೇಕು. ಕೆಟ್ಟ ಕೈಯ ಪರೀಕ್ಷೆಯಲ್ಲಿ ಇದಕ್ಕೆ ನೂರಕ್ಕೆ ನೂರು: ಪೆನ್ನು ಎತ್ತದೆ ಬರೆಯಬಹುದು. ಒಂದನ್ನೇ ಕೊಳ್ಳುವುದಾದರೆ ಯಾವುದು ಎಂದು ಕೇಳಿದರೆ, ಗೊಕುವನ್ನು ನೋಡಿ ಬೆಳೆದವರಿಗೆ ಮೊದಲನೆಯದು. ಚಿತ್ರ ಕಲಿಯುವ ಮಕ್ಕಳಿದ್ದರೆ ಈ ಎರಡನೆಯದು, ಅನುಮಾನವೇ ಬೇಡ. ಹೆಚ್ಚು ರೂಪಗಳಿವೆ, ಹೊಡೆದಾಟ ಕಡಿಮೆ.

ಎರಡೂ ಸಂಪುಟಗಳ ಕೊನೆಯ ಭಾಗ ನನಗೆ ಒಗ್ಗಲಿಲ್ಲ. 2000ದ ಆಸುಪಾಸಿನಿಂದ ಅವರು ಬಣ್ಣಕ್ಕೆ ಕಂಪ್ಯೂಟರ್ ಹಿಡಿದರು. ಬಣ್ಣ ನುಣ್ಣಗಾಯಿತು, ನೆರಳು ಮಂಜಿನಂತೆ ಹರಡಿತು, ಗೆರೆ ತೆಳ್ಳಗಾಗಿ ಒಂದೇ ಸಮ ಆಯಿತು. ಮೈಗಳಿಗೆ ಮೊದಲಿನ ತೂಕವಿಲ್ಲ. ಅದೇ ಗೊಕು, ಅದೇ ನಿಲುವು, ಆದರೆ ನೆಲಕ್ಕೆ ಕಾಲು ಊರಿಲ್ಲ. ಮಗಳು ಇದನ್ನು ಒಪ್ಪುವುದಿಲ್ಲ. ನಿಮಗೆ ಶಾಯಿಯ ವಾಸನೆ ಬೇಕು ಅಪ್ಪಾ, ಅಷ್ಟೇ ಎನ್ನುತ್ತಾಳೆ. ಇರಬಹುದು. ರೂಪ ಕಟ್ಟುವ ಬುದ್ಧಿ ಮಾತ್ರ ಮಂಕಾಗಿರಲಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. 2013ರ ಚಲನಚಿತ್ರಕ್ಕೆ ಅವರು ಮಾಡಿಕೊಟ್ಟ ವಿನಾಶದ ದೇವರು ಬೀರುಸ್, ತಾವು ಸಾಕಿದ್ದ ಕಾರ್ನಿಷ್ ರೆಕ್ಸ್ ಬೆಕ್ಕಿನಿಂದ ಹುಟ್ಟಿದವನು. ಬಡಕಲು ಮೈ, ದೊಡ್ಡ ಕಿವಿ, ಊಟದ ಮೇಲೆ ಕಣ್ಣು. ಆ ಕಿವಿಗಳ ನೆರಳು ಸಾಕು.

ಪುಸ್ತಕದ ಜೊತೆಗೆ ಬಿಡಿಸಿ ತೆಗೆಯಬಹುದಾದ ಪೋಸ್ಟರ್‌ಗಳಿವೆ. ನಾನು ಕಿತ್ತಿಲ್ಲ. ಹಾಳೆ ಕೀಳುವ ಕೆಲಸ ಗಣಿತದ ಮೇಷ್ಟ್ರದು. ಫೈಲನ್ನು ಈಗ ಪುಸ್ತಕದ ಪಕ್ಕದಲ್ಲೇ ಇಟ್ಟಿದ್ದೇನೆ, ಜಜ್ಜಿದ ಮೂಲೆ ಗೋಡೆಯ ಕಡೆಗಿದೆ. ನಿನ್ನೆ ನಾನೂ ಒಂದು ಹಾಳೆ ತೆಗೆದುಕೊಂಡು, ನಿಬ್ಬು ಅದ್ದಿ, ಗೊಕುವಿನ ಕೂದಲು ಬರೆಯಲು ಕುಳಿತೆ. ಮುಳ್ಳುಗಳು ಎರಡು ಹೆಚ್ಚಾದವು.